ಬೆಟ್ಟದ ಉಡ, ಊರ ಕೆರೆ, ರಾಗಿ ಹೊಲದ ಆನೆ

(ಮನುಷ್ಯ ಮತ್ತು ಪ್ರಕೃತಿಯ ಸಂಬಂಧವನ್ನು ಸಮಾಜಶಾಸ್ತ್ರ ಕಂಡ ಬಗೆ: ಉತ್ಸವದ ವಿಚಾರಗೋಷ್ಠಿಯ ಉಪನ್ಯಾಸ)



ಹೊಸೂರಿನ ಬೆಟ್ಟದ ಮೇಲೆ ನೆಲೆಸಿರುವ ಶ್ರೀ ಮರಕತಾಂಬಾ ಸಮೇತ ಚಂದ್ರಚೂಡೇಶ್ವರಸ್ವಾಮಿಯ ಸ್ಥಳಪುರಾಣ ಈ ಸೀಮೆಯವರಿಗೆ ತಿಳಿಯದ ವಿಷಯವೇನಲ್ಲ. ಪರಮೇಶ್ವರನು ಉಡದ ರೂಪವನ್ನು ತಾಳಿ ಇಲ್ಲಿಗೆ ಬಂದನೆಂದೂ, ಅದರ ಬೆನ್ನುಹತ್ತಿ ಬಂದ ಜಗನ್ಮಾತೆಯು ಮರಕತದ ಬಣ್ಣವನ್ನು ಪಡೆದು ಮರಕತಾಂಬಿಕೆಯಾದಳೆಂದೂ ಹಿರಿಯರು ಮಕ್ಕಳಿಗೆ ಹೇಳಿಕೊಂಡು ಬಂದಿದ್ದಾರೆ. ಬೇರೆ ಕ್ಷೇತ್ರಗಳಲ್ಲಿ ಪ್ರಾಣಿಗಳು ಸಾಮಾನ್ಯವಾಗಿ ದೇವರ ವಾಹನಗಳು. ನಂದಿ ಎದುರಿಗೆ ಕುಳಿತಿರುತ್ತದೆ, ಇಲಿ ಪಾದದ ಬಳಿ ಇರುತ್ತದೆ, ನವಿಲು ಹೊತ್ತು ನಿಂತಿರುತ್ತದೆ. ಇಲ್ಲಿ ಸ್ವಾಮಿಯೇ ಪ್ರಾಣಿಯ ದೇಹವನ್ನು ಧರಿಸಿದ್ದಾನೆ. ಅದೂ ಸಿಂಹವಲ್ಲ, ಆನೆಯಲ್ಲ. ಬಂಡೆಯ ಸಂದಿಯಲ್ಲಿ ವಾಸಮಾಡುವ, ನೋಡಲು ಚೆಂದವಿಲ್ಲದ, ಯಾರೂ ಮುದ್ದಿಸದ ಒಂದು ಉಡ.

ಈ ಕತೆಯನ್ನು ಕೇಳಿ ಕೈಮುಗಿಯುವ ಮನುಷ್ಯನೇ ಹೊಲದ ಬದುವಿನಲ್ಲಿ ನಿಜವಾದ ಉಡವನ್ನು ಕಂಡರೆ ಏನು ಮಾಡುತ್ತಾನೆ? ಮಾಂಸಕ್ಕಾಗಿ, ಚರ್ಮಕ್ಕಾಗಿ, ಮೈಕೈ ನೋವಿಗೆ ಮದ್ದೆಂದು ಹೇಳುವ ಕೊಬ್ಬಿಗಾಗಿ ಉಡವನ್ನು ಹಿಡಿದು ಕೊಂದವರು ದೇಶದ ತುಂಬ ಇದ್ದರು, ಈಗಲೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ, ಆನೆಗಳಿಗೆ ಇರುವಂತಹ ಮೊದಲನೆಯ ಪಟ್ಟಿಯ ರಕ್ಷಣೆ ಉಡಕ್ಕೂ ಬೇಕಾಯಿತು. ಪುರಾಣ ಇದ್ದರೂ ಕಾನೂನು ಏಕೆ ಬೇಕಾಯಿತು? ಭಕ್ತಿ ಸುಳ್ಳೇ? ಹಾಗೆಂದು ಹೇಳುವುದು ಅವಸರದ ಮಾತು. ಈ ಪ್ರಶ್ನೆಗೆ ಸಮಾಜಶಾಸ್ತ್ರವೆಂಬ ವಿದ್ಯೆ ಕೊಡುವ ಉತ್ತರ ಸ್ವಲ್ಪ ಬೇರೆ ಬಗೆಯದು. ಅದನ್ನು ಗ್ರಂಥಗಳ ಭಾಷೆಯಲ್ಲಿ ಹೇಳುವುದಕ್ಕಿಂತ ಈ ಸೀಮೆಯ ಕೆರೆ, ಕಾಡು, ಹೊಳೆಗಳ ಮೂಲಕ ನೋಡುವುದು ಮೇಲು.

ಮೊದಲು ಒಂದು ಜಂಬದ ಮಾತನ್ನು ಪರೀಕ್ಷಿಸಬೇಕಾಗಿದೆ. 1967ರಲ್ಲಿ ಅಮೆರಿಕದ ಲಿನ್ ವೈಟ್ ಎಂಬ ಇತಿಹಾಸಕಾರ ಒಂದು ಲೇಖನವನ್ನು ಪ್ರಕಟಿಸಿದ. ಪಾಶ್ಚಾತ್ಯರು ಪ್ರಕೃತಿಯನ್ನು ಹಾಳುಮಾಡಿದ್ದಕ್ಕೆ ಅವರ ಧರ್ಮಬೋಧನೆಯೇ ಮೂಲ, ಮನುಷ್ಯನು ಸೃಷ್ಟಿಯ ಒಡೆಯನೆಂಬ ಭಾವನೆ ಅಲ್ಲಿಂದ ಬಂದಿತು ಎಂಬುದು ಅವನ ವಾದ. ಅದನ್ನು ಓದಿದ ಇಲ್ಲಿಯ ಅನೇಕರಿಗೆ ಸಂತೋಷವಾಯಿತು. ಮರ, ಹಾವು, ನದಿ, ಬೆಟ್ಟ ಎಲ್ಲವನ್ನೂ ಪೂಜಿಸುವ ದೇಶದಲ್ಲಿ ಅಂತಹ ದೋಷವಿಲ್ಲ ಎಂದು ವೇದಿಕೆಗಳ ಮೇಲೆ ಭಾಷಣಗಳಾದವು. ಈ ಮಾತು ಕೇಳಲು ಹಿತವಾಗಿದೆ. ಆದರೆ ಲೆಕ್ಕ ಇದಕ್ಕೆ ಒಪ್ಪುವುದಿಲ್ಲ.

ಕೊಡಗಿನ ಉದಾಹರಣೆಯನ್ನೇ ನೋಡಬಹುದು. ಅಲ್ಲಿ ಊರಿಗೊಂದೆಂಬಂತೆ ದೇವರಕಾಡುಗಳಿವೆ, ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಕೊಡಲಿ ಹಾಕಬಾರದೆಂಬುದು ಕಟ್ಟು. 1905ರಲ್ಲಿ ಈ ದೇವರಕಾಡುಗಳ ವಿಸ್ತೀರ್ಣ ಸುಮಾರು 6,200 ಹೆಕ್ಟೇರುಗಳಷ್ಟಿತ್ತು. 1985ರ ಹೊತ್ತಿಗೆ ಅದು ಸುಮಾರು 2,500 ಹೆಕ್ಟೇರಿಗೆ ಇಳಿದಿತ್ತು. ಈ ಎಂಬತ್ತು ವರ್ಷಗಳಲ್ಲಿ ಕೊಡಗಿನವರ ದೈವಭಕ್ತಿ ಅರ್ಧಕ್ಕಿಳಿಯಿತೆಂದು ಯಾರೂ ಹೇಳಲಾರರು. ಹಬ್ಬಗಳು ನಡೆದವು, ಹರಕೆಗಳು ಸಂದವು, ಗುಡಿಗಳಿಗೆ ಹೊಸ ಹೆಂಚು ಬಂದಿತು. ಕಾಡು ಮಾತ್ರ ಕರಗಿತು. ಕಾಡಿನ ದಾಖಲೆಗಳು ಸರ್ಕಾರದ ಇಲಾಖೆಗಳ ಕೈಗೆ ಹೋದವು, ಕಾಫಿತೋಟಗಳು ಅಂಚಿನಿಂದ ಒಳಕ್ಕೆ ಸರಿದವು, ತಡೆಯುವ ಅಧಿಕಾರ ಊರಿನವರಿಗೆ ಉಳಿಯಲಿಲ್ಲ. ದೇವರು ಅಲ್ಲೇ ಇದ್ದ, ಭಕ್ತರೂ ಇದ್ದರು. ಇವರಿಬ್ಬರ ನಡುವೆ ಇದ್ದ ಒಂದು ಏರ್ಪಾಡು ತಪ್ಪಿಹೋಗಿತ್ತು.

ಈ ‘ಏರ್ಪಾಡು’ ಎಂಬ ಮಾತಿನಲ್ಲಿಯೇ ಸಮಾಜಶಾಸ್ತ್ರದ ನೋಟವೆಲ್ಲ ಅಡಗಿದೆ. ಮನುಷ್ಯನಿಗೂ ಪ್ರಕೃತಿಗೂ ಇರುವ ಸಂಬಂಧವೆಂದರೆ ಒಬ್ಬ ಮನುಷ್ಯ ಮತ್ತು ಒಂದು ಮರದ ನಡುವಿನ ಸಂಬಂಧವಲ್ಲ. ಆ ಮರದ ವಿಷಯದಲ್ಲಿ ಮನುಷ್ಯರು ಪರಸ್ಪರ ಮಾಡಿಕೊಂಡ ಕಟ್ಟುಪಾಡುಗಳೇ ಆ ಸಂಬಂಧ. ಫ್ರಾನ್ಸಿನ ಎಮಿಲ್ ಡರ್ಖೈಮ್ 1912ರಲ್ಲಿ ಧರ್ಮದ ಬಗ್ಗೆ ಬರೆದ ಗ್ರಂಥದಲ್ಲಿ, ಒಂದು ಸಮುದಾಯ ಯಾವುದನ್ನು ಪವಿತ್ರವೆಂದು ಬೇರೆಯಾಗಿ ಇಡುತ್ತದೆಯೋ ಅದರ ಸುತ್ತ ಆ ಸಮುದಾಯವೇ ಒಂದಾಗಿ ಕೂಡುತ್ತದೆ ಎಂದು ತೋರಿಸಿದ. ಮೈಸೂರಿನವರಾದ ಪ್ರೊ. ಎಂ. ಎನ್. ಶ್ರೀನಿವಾಸರು ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತು 1952ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥದಲ್ಲಿ, ಒಕ್ಕ, ಊರು, ನಾಡುಗಳ ಒಗ್ಗಟ್ಟು ಹಬ್ಬ ಮತ್ತು ಆಚರಣೆಗಳ ಮೂಲಕ ಹೇಗೆ ಗಟ್ಟಿಯಾಗುತ್ತದೆಂಬುದನ್ನು ವಿವರಿಸಿದರು. ಇವರಿಗಿಂತ ಮೊದಲೇ, 1926ರಲ್ಲಿ, ಲಖನೌದ ರಾಧಾಕಮಲ್ ಮುಖರ್ಜಿಯವರು ಒಂದು ಪ್ರದೇಶದ ನೆಲ, ನೀರು, ಸಸ್ಯಗಳನ್ನು ಬಿಟ್ಟು ಅಲ್ಲಿಯ ಸಮಾಜವನ್ನು ಅರಿಯಲಾಗದೆಂದು ಪ್ರತಿಪಾದಿಸಿದ್ದರು. ಆಗ ಅವರ ಮಾತನ್ನು ಹೆಚ್ಚು ಜನ ಗಮನಿಸಲಿಲ್ಲ. ಅಮೆರಿಕದ ಕ್ಯಾಟನ್ ಮತ್ತು ಡನ್‌ಲಪ್ ಎಂಬ ಇಬ್ಬರು ವಿದ್ವಾಂಸರು 1978ರಲ್ಲಿ ಅದಕ್ಕೆ ಹತ್ತಿರದ ಮಾತನ್ನು ಹೇಳಿದಾಗ, ಅಂದರೆ ಸಮಾಜಶಾಸ್ತ್ರವು ಮನುಷ್ಯನಿಗೆ ಪ್ರಕೃತಿಯ ನಿಯಮಗಳಿಂದ ವಿನಾಯಿತಿ ಇದೆ ಎಂಬಂತೆ ನಡೆದುಕೊಂಡು ಬಂದಿದೆ ಎಂದು ಆಕ್ಷೇಪಿಸಿದಾಗ, ಅದು ಹೊಸ ಶಾಸ್ತ್ರವೆನಿಸಿತು. ಊರಿನ ವೈದ್ಯನಿಗಿಂತ ದೂರದ ವೈದ್ಯನಿಗೆ ಬೆಲೆ ಹೆಚ್ಚು ಎಂಬುದು ವಿದ್ಯೆಯ ಲೋಕದಲ್ಲಿಯೂ ಉಂಟು.

ಗ್ರಂಥಗಳ ಮಾತು ಇಷ್ಟು ಸಾಕು. ಇನ್ನು ಕೆರೆಯ ಏರಿಯ ಮೇಲೆ ನಿಂತು ನೋಡೋಣ.

ಹೊಸೂರು, ದೆಂಕಣಿಕೋಟೆ, ಕೆಲಮಂಗಲ, ಶೂಲಗಿರಿ, ಬಾಗಲೂರು, ಬೇರಿಕೆ ಈ ಎಲ್ಲ ಕಡೆಯೂ ಬದುಕು ನಿಂತಿದ್ದುದು ಕೆರೆಗಳ ಮೇಲೆ. ಇದು ದೊಡ್ಡ ನದಿಯ ಬಯಲಲ್ಲ; ಏರಿಳಿತದ ಒಣ ನೆಲ. ಬಿದ್ದ ಮಳೆಯನ್ನು ಹಿಡಿದು ನಿಲ್ಲಿಸದಿದ್ದರೆ ನೆಲ್ಲು ಬಿಡಿ, ದನಕ್ಕೆ ನೀರೂ ಇಲ್ಲ. ಆದುದರಿಂದ ಒಂದು ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ ಎಂಬಂತೆ ಸಾಲುಸಾಲಾಗಿ ಕೆರೆಗಳನ್ನು ಕಟ್ಟಿದರು. ಹೊಸೂರು ಪಟ್ಟಣದೊಳಗಿನ ರಾಮನಾಯಕನ ಕೆರೆ ಇಂದು ವಾಯುವಿಹಾರದ ಜಾಗವಾಗಿ ಪರಿಚಿತ. ಆದರೆ ಒಂದು ಕಾಲದಲ್ಲಿ ಈ ಸೀಮೆಯ ಪ್ರತಿಯೊಂದು ಕೆರೆಯೂ ಒಂದು ಸಂಸಾರದಂತೆ ನಡೆಯುತ್ತಿತ್ತು.

ಆ ಸಂಸಾರದಲ್ಲಿ ಯಾರು ಯಾರು ಇದ್ದರು? ತೂಬನ್ನು ಎತ್ತಿ ಇಳಿಸುವವನು ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಮೊದಲು ಮೇಲಿನವರಿಗೋ ಕೊನೆಯವರಿಗೋ, ಮಳೆ ಕಡಮೆಯಾದ ವರ್ಷ ಯಾವ ಅಚ್ಚುಕಟ್ಟನ್ನು ಬಿಟ್ಟುಬಿಡಬೇಕು, ಇದೆಲ್ಲ ಅವನ ತಲೆಯಲ್ಲಿತ್ತು. ಸುಗ್ಗಿಯಾದ ಮೇಲೆ ಅವನಿಗೆ ಕಣದಲ್ಲಿಯೇ ಧಾನ್ಯದ ಪಾಲು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗದ್ದೆಯುಳ್ಳ ಮನೆಗಳಿಂದ ಆಳುಗಳು ಬಂದು ಕಾಲುವೆ ತೋಡುತ್ತಿದ್ದರು, ಏರಿಯ ಬಿರುಕಿಗೆ ಮಣ್ಣು ಹಾಕುತ್ತಿದ್ದರು. ಗಾಡಿ ಇದ್ದವರು ಹೂಳನ್ನು ತುಂಬಿಕೊಂಡು ಹೋಗಿ ಹೊಲಕ್ಕೆ ಹರಡುತ್ತಿದ್ದರು. ಅದು ಹೊಲಕ್ಕೆ ಗೊಬ್ಬರ, ಕೆರೆಗೆ ಆಳ. ಏರಿಯ ಮೇಲೆ ಗಂಗಮ್ಮನ ಗುಡಿ ಅಥವಾ ಬರಿಯ ಒಂದು ಕಲ್ಲು. ಕೆರೆ ತುಂಬಿ ಕೋಡಿ ಬಿದ್ದ ದಿನ ಹೆಣ್ಣುಮಕ್ಕಳು ಬಾಗಿನ ಅರ್ಪಿಸುವರು. ಬಾಗಿನ ಕೊಡಲು ಬಂದ ಇಡೀ ಊರು ಆ ದಿನ ಏರಿಯ ಮೇಲೆ ನಡೆಯುತ್ತದೆ. ಎಲ್ಲಿ ಕುಸಿದಿದೆ, ಎಲ್ಲಿ ಸೋರುತ್ತಿದೆ ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಪೂಜೆಯೆಂಬುದು ಹೀಗೆ ಒಂದು ತಪಾಸಣೆಯೂ ಆಗಿತ್ತು.

ಇದಕ್ಕೆಲ್ಲ ಹಣದ ಮೂಲವನ್ನೂ ಹಿಂದಿನವರು ಯೋಚಿಸಿದ್ದರು. ಕೋಲಾರ ಮತ್ತು ಸುತ್ತಲಿನ ಸೀಮೆಯ ಕನ್ನಡ ಶಾಸನಗಳಲ್ಲಿ ‘ಬಿತ್ತುವಟ್ಟ’ ಎಂಬ ಶಬ್ದ ಮತ್ತೆ ಮತ್ತೆ ಬರುತ್ತದೆ. ಕೆರೆಯನ್ನು ಕಟ್ಟಿದವರಿಗೆ ಮತ್ತು ಅದನ್ನು ನೋಡಿಕೊಳ್ಳುವವರಿಗೆ ಬಿಟ್ಟುಕೊಟ್ಟ ಭೂಮಿಯೇ ಬಿತ್ತುವಟ್ಟ. ದೇವರಿಗೆ ದತ್ತಿ, ಬ್ರಾಹ್ಮಣರಿಗೆ ದತ್ತಿ, ವೀರನಿಗೆ ದತ್ತಿ ಇದ್ದಂತೆ ಕೆರೆಗೂ ದತ್ತಿ. ‘ದಸವಂದ’ವೆಂಬ ಹೆಸರಿನಲ್ಲಿಯೂ ಇದೇ ಬಗೆಯ ಪದ್ಧತಿ ದಕ್ಷಿಣದ ಒಣಸೀಮೆಗಳಲ್ಲಿ ಬಹುಕಾಲ ನಡೆಯಿತು.

ಆದರೆ ಹಳೆಯ ಕಾಲವನ್ನು ಬರಿಯ ಸ್ವರ್ಣಯುಗವೆಂದು ಬಣ್ಣಿಸಿ ಮುಂದೆ ಹೋಗುವುದು ಸತ್ಯಕ್ಕೆ ಮಾಡುವ ಅಪಚಾರ. ನೀರುಗಂಟಿ, ತೋಟಿ ಮೊದಲಾದ ಕೆಲಸಗಳನ್ನು ಮಾಡುತ್ತಿದ್ದವರು ಬಹಳ ಕಡೆ ಊರಾಚೆಯ ಕೇರಿಯವರು. ಊರಿಗೆಲ್ಲ ನೀರು ಹಂಚಿದವನಿಗೆ ಊರ ಬಾವಿಯಿಂದ ನೀರು ಸೇದುವ ಹಕ್ಕಿರಲಿಲ್ಲ. ಗಂಗಮ್ಮನ ಏರಿಯನ್ನು ಕಾಯ್ದವನು ಊರ ದೊಡ್ಡ ಗುಡಿಯ ಹೊಸಿಲು ದಾಟುವಂತಿರಲಿಲ್ಲ. ಹೊಸೂರಿನ ಸಮೀಪದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರು ಮದ್ರಾಸಿನ ಪ್ರಧಾನಿಯಾಗಿದ್ದಾಗ, 1939ರಲ್ಲಿ, ದೇವಾಲಯ ಪ್ರವೇಶದ ಕಾನೂನನ್ನು ತಂದದ್ದು ಈ ಸೀಮೆಯವರು ಹೆಮ್ಮೆಪಡಬೇಕಾದ ಸಂಗತಿ. ಅಂತಹ ಕಾನೂನು ಬೇಕಾಗಿತ್ತು ಎಂಬುದು ಅಷ್ಟೇ ನೆನಪಿಡಬೇಕಾದ ಸಂಗತಿ. ಪ್ರಕೃತಿಯನ್ನು ಕಾಯುವ ಕೆಲಸ ಒಬ್ಬರದು, ಅದರ ಫಲ ಮತ್ತೊಬ್ಬರದು ಎಂಬ ತಾರತಮ್ಯ ಆಗಲೂ ಇತ್ತು. ಆ ಹಳೆಯ ಏರ್ಪಾಡನ್ನು ಹಾಗೆಯೇ ಮರಳಿ ತರಬೇಕೆಂದು ನೀರುಗಂಟಿಯ ಮೊಮ್ಮಕ್ಕಳನ್ನು ಕೇಳಿದರೆ ಅವರು ಒಪ್ಪಲಾರರು. ಒಪ್ಪಬೇಕಾಗಿಯೂ ಇಲ್ಲ.

ಏರ್ಪಾಡು ಮುರಿದದ್ದು ಒಂದೇ ದಿನದಲ್ಲಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನು ಕೃಷ್ಣಗಿರಿಯನ್ನೊಳಗೊಂಡ ಬಾರಾಮಹಲನ್ನು ಇಂಗ್ಲಿಷರಿಗೆ ಬಿಟ್ಟುಕೊಡಬೇಕಾಯಿತು. 1799ರಲ್ಲಿ ಅವನ ಪತನದ ನಂತರ ಹೊಸೂರು, ದೆಂಕಣಿಕೋಟೆಯ ಕಡೆಯೂ ಅವರ ವಶವಾಯಿತು. ಅಲೆಗ್ಸಾಂಡರ್ ರೀಡ್ ಎಂಬ ಸೇನಾಧಿಕಾರಿ ಮತ್ತು ಅವನ ಕೈಕೆಳಗಿದ್ದ ಥಾಮಸ್ ಮನ್ರೋ ಈ ಬಾರಾಮಹಲಿನಲ್ಲಿಯೇ ಹೊಲಗಳನ್ನು ಅಳೆದು, ಒಬ್ಬೊಬ್ಬ ರೈತನೊಡನೆಯೂ ನೇರವಾಗಿ ಕಂದಾಯ ಗೊತ್ತುಮಾಡುವ ಪದ್ಧತಿಯನ್ನು ರೂಪಿಸಿದರು. ಮುಂದೆ ಮದ್ರಾಸ್ ಪ್ರಾಂತ್ಯದ ಬಹುಭಾಗಕ್ಕೆ ಹಬ್ಬಿದ ರೈತವಾರಿ ಪದ್ಧತಿಯ ತೊಟ್ಟಿಲು ಇದೇ ಸೀಮೆ. ಮನ್ರೋ ರೈತನ ಹಿತೈಷಿಯೆಂದು ಹೆಸರಾದವನು. ಅದರಲ್ಲಿ ಸತ್ಯವೂ ಇದೆ. ಆದರೆ ಪಟ್ಟಾ ಒಬ್ಬೊಬ್ಬನ ಹೆಸರಿಗೆ ಬಂದಂತೆ, ಯಾರ ಹೆಸರೂ ಇಲ್ಲದ ಕೆರೆಯಂಗಳ, ಗೋಮಾಳ, ಕುರುಚಲು ಕಾಡು ಇವೆಲ್ಲ ಸರ್ಕಾರದ ಸ್ವತ್ತಾದವು. ಊರಿನದು ಎಂಬ ಒಂದು ನಡುವಣ ಸ್ಥಾನ ದಾಖಲೆಯಲ್ಲಿ ತೆಳುವಾಯಿತು. ಕೆರೆ ಕೆಲಸಕ್ಕೆ ಜನ ಬಾರದಾದಾಗ ಸರ್ಕಾರ 1858ರಲ್ಲಿ ಕಡ್ಡಾಯ ದುಡಿಮೆಯ ಕಾಯ್ದೆಯನ್ನೇ ಮಾಡಿತು. ತನ್ನದೆಂದು ಬರುತ್ತಿದ್ದವನನ್ನು ಹೆದರಿಸಿ ಕರೆಸುವ ಕಾಲ ಬಂದಿತ್ತು. 1882ರ ಮದ್ರಾಸ್ ಅರಣ್ಯ ಕಾಯ್ದೆ ಕಾಡಿಗೆ ಗಡಿಕಲ್ಲು ನೆಟ್ಟಿತು. ಸ್ವಾತಂತ್ರ್ಯಾನಂತರ 1963ರ ಕಾಯ್ದೆಯಿಂದ ಚಿಕ್ಕಪುಟ್ಟ ಇನಾಮುಗಳೂ ರದ್ದಾದವು. ಬೋರ್‌ವೆಲ್ ಬಂದ ಮೇಲಂತೂ ಪ್ರತಿಯೊಬ್ಬನ ಹೊಲದಲ್ಲಿಯೂ ಅವನವನ ನೀರು. ಕೆರೆ ತುಂಬಿದರೇನು, ಬತ್ತಿದರೇನು ಎಂಬಂತಾಯಿತು. ಕೆರೆ ತುಂಬಿದರೆ ತಾನೆ ಬೋರ್‌ವೆಲ್ಲಿಗೆ ನೀರು ಎಂಬುದು ಆಳ ಸಾವಿರ ಅಡಿ ಮುಟ್ಟಿದಾಗ ನೆನಪಿಗೆ ಬರುತ್ತದೆ.

ಇಲ್ಲಿ ಇಬ್ಬರು ವಿದ್ವಾಂಸರ ವಾದವನ್ನು ಹೇಳಲೇಬೇಕು. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಜೀವವಿಜ್ಞಾನಿ, ಎಲ್ಲರಿಗೂ ಸೇರಿದ ಗೋಮಾಳ ಕೊನೆಗೆ ಯಾರಿಗೂ ಉಳಿಯುವುದಿಲ್ಲ, ಪ್ರತಿಯೊಬ್ಬನೂ ಇನ್ನೊಂದು ದನವನ್ನು ಬಿಟ್ಟು ಅದನ್ನು ಬೋಳಿಸುತ್ತಾನೆ, ಆದ್ದರಿಂದ ಅದು ಸರ್ಕಾರದ್ದಾಗಬೇಕು ಇಲ್ಲವೇ ಖಾಸಗಿಯಾಗಬೇಕು ಎಂದು ವಾದಿಸಿದ. ಬಹಳ ಸರ್ಕಾರಗಳಿಗೆ ಈ ಮಾತು ರುಚಿಸಿತು. ಎಲಿನಾರ್ ಆಸ್ಟ್ರಮ್ ಎಂಬ ವಿದುಷಿ ದೇಶದೇಶಗಳ ಮೀನುಗಾರರ, ಕಾಲುವೆ ರೈತರ, ಗುಡ್ಡಗಾಡಿನ ದನಗಾಹಿಗಳ ಪದ್ಧತಿಗಳನ್ನು ಪರಿಶೀಲಿಸಿ 1990ರಲ್ಲಿ ಒಂದು ಗ್ರಂಥ ಬರೆದರು. ಎಲ್ಲರಿಗೂ ಸೇರಿದ್ದು ನೂರಾರು ವರ್ಷ ಉಳಿದಿರುವ ಕಡೆಗಳಲ್ಲಿ ಏನಿದೆ ಎಂದು ಅವರು ಹುಡುಕಿದರು. ಯಾರು ಹಕ್ಕುದಾರರು ಎಂಬುದು ಸ್ಪಷ್ಟವಾಗಿರುತ್ತದೆ; ನಿಯಮಗಳನ್ನು ಬಳಸುವವರೇ ಮಾಡಿಕೊಂಡಿರುತ್ತಾರೆ; ಕಾವಲಿಗೆ ತಮ್ಮವನೇ ಒಬ್ಬ ಇರುತ್ತಾನೆ; ತಪ್ಪಿದವನಿಗೆ ಮೊದಲು ಚಿಕ್ಕ ದಂಡ, ಮತ್ತೆ ತಪ್ಪಿದರೆ ದೊಡ್ಡದು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. ಆ ವಿಷಯದಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರು. ಅವರ ಪಟ್ಟಿಯನ್ನು ಓದಿದ ಈ ಸೀಮೆಯ ಹಿರಿಯರಿಗೆ ನೀರುಗಂಟಿಯ ಮುಖ ಕಣ್ಣಿಗೆ ಕಟ್ಟದಿರದು. ತಮಿಳುನಾಡು ಸರ್ಕಾರ 2017ರಲ್ಲಿ ‘ಕುಡಿಮರಾಮತ್ತು’ ಎಂಬ ಹಳೆಯ ಹೆಸರಿನಲ್ಲಿಯೇ ಕೆರೆಗಳ ದುರಸ್ತಿ ಯೋಜನೆಯನ್ನು ಆರಂಭಿಸಿತು. ಹೂಳು ಒಮ್ಮೆ ತೆಗೆಯಬಹುದು. ಮರುವರ್ಷ, ಅದರ ಮರುವರ್ಷ ನೋಡಿಕೊಳ್ಳುವವರು ಯಾರೆಂಬುದು ಹೆಸರಿನಿಂದ ತೀರುವುದಿಲ್ಲ.

ಇನ್ನು ಆನೆಯ ವಿಷಯ. ಇದು ಕೆರೆಗಿಂತ ಕಠಿಣ. ಕೆರೆ ಜಾಗದಲ್ಲಿಯೇ ಇರುತ್ತದೆ, ಆನೆ ನಡೆಯುತ್ತದೆ.

ಬನ್ನೇರುಘಟ್ಟ, ಕಾವೇರಿ ತೀರದ ಕಾಡುಗಳಿಂದ ಆನೆಗಳ ಹಿಂಡು ಪ್ರತಿವರ್ಷ ತಳಿ, ಜವಳಗಿರಿಯ ಮಾರ್ಗವಾಗಿ ಈ ಕಡೆಗೆ ಬರುತ್ತದೆ. ದೆಂಕಣಿಕೋಟೆ, ಸಾನಮಾವು ಕಾಡುಗಳನ್ನು ಹಾದು ಹೊಸೂರು, ಶೂಲಗಿರಿಯವರೆಗೂ ಬಂದು ತಿಂಗಳುಗಟ್ಟಲೆ ಇದ್ದು ಹೋಗುತ್ತದೆ. ಬರುವ ಕಾಲ ರಾಗಿ ತೆನೆ ಹಾಲುಗಟ್ಟುವ ಕಾಲ. ಇದು ಕಾಕತಾಳೀಯವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರು ಚಾಮರಾಜನಗರ, ಹಾಸನೂರು ಕಡೆಯ ಆನೆಗಳನ್ನು ಅಭ್ಯಾಸ ಮಾಡಿ 1980ರ ದಶಕದಲ್ಲಿಯೇ ತೋರಿಸಿಕೊಟ್ಟಂತೆ, ಕಾಡಿನ ಹುಲ್ಲಿಗಿಂತ ರಾಗಿಯಂತಹ ಬೆಳೆಯಲ್ಲಿ ಪ್ರೋಟೀನು, ಸುಣ್ಣದ ಅಂಶ, ಉಪ್ಪಿನ ಅಂಶ ಹೆಚ್ಚು. ಒಂಟಿ ಸಲಗಗಳು ಹಿಂಡಿನ ಆನೆಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ರಾತ್ರಿ ಹೊಲಕ್ಕೆ ನುಗ್ಗುತ್ತವೆ. ರಾಗಿಮುದ್ದೆಯನ್ನು ಉಂಡು ಬೆಳೆದವರಿಗೆ ಆನೆಯ ಈ ಆಯ್ಕೆಯಲ್ಲಿ ಆಶ್ಚರ್ಯ ಕಾಣಿಸದು. 1980ರ ದಶಕದಲ್ಲಿ ಹೊಸೂರು, ಧರ್ಮಪುರಿ ಕಾಡಿನ ಕೆಲವು ಆನೆಗಳು ಇನ್ನೂ ಮುಂದೆ ನಡೆದು ಆಂಧ್ರದ ಚಿತ್ತೂರು ಜಿಲ್ಲೆಯನ್ನೇ ಸೇರಿದವು. ಬಹುಕಾಲ ಆನೆಯೇ ಇಲ್ಲದ ಆ ಸೀಮೆಯಲ್ಲಿ ಅವುಗಳಿಗಾಗಿ 1990ರಲ್ಲಿ ಕೌಂಡಿನ್ಯ ಅಭಯಾರಣ್ಯವನ್ನು ಘೋಷಿಸಬೇಕಾಯಿತು. ಗಡಿಗಳು ಮನುಷ್ಯರ ಕಾಗದದಲ್ಲಿ. ಆನೆಯ ದಾರಿಯಲ್ಲಿ ಕರ್ನಾಟಕ, ತಮಿಳುನಾಡು, ಆಂಧ್ರ ಎಲ್ಲ ಒಂದೇ.

ಹಳ್ಳಿಯಲ್ಲಿ ಅಟ್ಟಣೆಯ ಮೇಲೆ ರಾತ್ರಿ ಕಾವಲು ಕೂತ ರೈತ ಆನೆಯನ್ನು ಹೆಸರಿಟ್ಟು ಬೈಯುವುದಿಲ್ಲ. ಗಣಪ ಬಂದ, ಸ್ವಾಮಿ ಬಂದ ಎನ್ನುತ್ತಾನೆ. ಬೆಳಗ್ಗೆ ತುಳಿದುಹೋದ ಹೊಲವನ್ನು ನೋಡಿ ತಲೆಯ ಮೇಲೆ ಕೈಹೊತ್ತು ಕೂರುತ್ತಾನೆ. ಅದೇ ಹೆಜ್ಜೆಗುರುತಿಗೆ ಅರಿಸಿನ ಕುಂಕುಮ ಇಡುವವರೂ ಉಂಟು. ಇದನ್ನು ಮೂಢನಂಬಿಕೆಯೆಂದು ನಗುವವರು ಒಂದು ವಿಷಯ ಯೋಚಿಸಬೇಕು: ವರ್ಷದ ಅನ್ನವನ್ನು ಒಂದು ರಾತ್ರಿಯಲ್ಲಿ ಕಳೆದುಕೊಂಡ ಮನುಷ್ಯ, ಕಳೆದದ್ದು ಯಾರಿಗೆ ಎಂದು ಹೇಳಿಕೊಳ್ಳಲು ಒಂದು ಭಾಷೆ ಬೇಕಲ್ಲವೆ? ದೇವರಿಗೆ ಹೋಯಿತು ಎಂದರೆ ನುಂಗಿಕೊಳ್ಳಬಹುದು. ಆದರೆ ಆ ಭಾಷೆಗೂ ಒಂದು ಮಿತಿಯುಂಟು. ಬೇಲಿಗೆ ಕಳ್ಳ ಕರೆಂಟು ಹರಿಸಿದ್ದರಿಂದ ಆನೆ ಸತ್ತ ಸುದ್ದಿ ದಕ್ಷಿಣದ ಕಾಡಂಚಿನ ಜಿಲ್ಲೆಗಳಿಂದ ಬರುತ್ತಲೇ ಇದೆ. ಆನೆ ತುಳಿದು ರೈತ ಸತ್ತ ಸುದ್ದಿಯೂ ಹಾಗೆಯೇ ಬರುತ್ತಿದೆ. ಸಾಲದ ಮೇಲೆ ಟೊಮೇಟೊ ಬೆಳೆದವನಿಗೆ, ಸ್ವಂತ ಮನೆಯ ಊಟಕ್ಕೆ ರಾಗಿ ಬೆಳೆದವನಷ್ಟು ತಾಳ್ಮೆ ಇರುವುದು ಕಷ್ಟ. ನಂಬಿಕೆ ಬದಲಾಗುವ ಮೊದಲು ಬೆಳೆ ಬದಲಾಗಿರುತ್ತದೆ, ಬ್ಯಾಂಕಿನ ಲೆಕ್ಕ ಬದಲಾಗಿರುತ್ತದೆ.

ಮಾಧವ ಗಾಡ್ಗೀಳ್ ಮತ್ತು ರಾಮಚಂದ್ರ ಗುಹಾ 1995ರ ತಮ್ಮ ಪುಸ್ತಕದಲ್ಲಿ ಈ ದೇಶದ ಜನರನ್ನು ಪರಿಸರದ ದೃಷ್ಟಿಯಿಂದ ಮೂರು ಗುಂಪುಗಳಾಗಿ ಕಂಡರು. ಸುತ್ತಲಿನ ನೆಲ, ನೀರು, ಸೌದೆಯನ್ನೇ ನಂಬಿ ಬದುಕುವವರು ಒಂದು ಗುಂಪು. ದೂರದೂರದಿಂದ ಎಲ್ಲವನ್ನೂ ತರಿಸಿ ತಿನ್ನಬಲ್ಲ ಸರ್ವಭಕ್ಷಕರು ಇನ್ನೊಂದು. ನೆಲೆ ತಪ್ಪಿ ಪಟ್ಟಣದ ಅಂಚಿಗೆ ಬಂದು ಬಿದ್ದ ನಿರಾಶ್ರಿತರು ಮೂರನೆಯದು. ಹೊಸೂರಿನಲ್ಲಿ ಈ ಮೂವರೂ ಒಂದೇ ರಥದ ಹಗ್ಗವನ್ನು ಹಿಡಿದಿರುತ್ತಾರೆ. ಅಂಚೆಟ್ಟಿಯ ಕಡೆಯಿಂದ ಬಂದ ರಾಗಿ ರೈತ, ಕೈಗಾರಿಕಾ ವಸಾಹತಿನ ಅಧಿಕಾರಿ, ಮಳೆ ಕೈಕೊಟ್ಟು ಊರು ಬಿಟ್ಟು ಬಂದ ಕಟ್ಟಡ ಕೂಲಿ. ಆನೆ ಉಳಿಯಬೇಕೆಂಬ ಆಸೆ ಮೂವರಿಗೂ ಇರಬಹುದು. ಅದರ ಬೆಲೆ ತೆರುವವನು ಮಾತ್ರ ಮೊದಲಿನವನೊಬ್ಬನೇ. 2022ರಲ್ಲಿ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಸುಮಾರು 686 ಚದರ ಕಿಲೋಮೀಟರ್ ಕಾಡನ್ನು ಕಾವೇರಿ ದಕ್ಷಿಣ ವನ್ಯಜೀವಿ ಅಭಯಾರಣ್ಯವೆಂದು ಸರ್ಕಾರ ಘೋಷಿಸಿತು. ಆಚೆ ಕರ್ನಾಟಕದ ಕಾವೇರಿ ಅಭಯಾರಣ್ಯಕ್ಕೆ ಇದು ಕೊಂಡಿ. ಒಳ್ಳೆಯ ಕೆಲಸವೇ. ಆನೆಗೆ ನೆಲೆ ಬೇಕೇ ಬೇಕು. ಆ ನೆಲೆಯ ಅಂಚಿನಲ್ಲಿ ದನ ಮೇಯಿಸುವವರು, ಜೇನು, ಹುಣಿಸೆ ಆರಿಸುವವರು, ಕಾವಲು ಕೂರುವವರು ಆ ಏರ್ಪಾಡಿನಲ್ಲಿ ಪಾಲುದಾರರಾಗುತ್ತಾರೆಯೇ ಅಥವಾ ಬರಿಯ ತೊಂದರೆಯವರೆನಿಸುತ್ತಾರೆಯೇ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಮೂರನೆಯದು ಹೊಳೆ. ದಕ್ಷಿಣ ಪಿನಾಕಿನಿ ಹುಟ್ಟುವುದು ನಂದಿಬೆಟ್ಟಗಳ ಸೀಮೆಯ ಚೆನ್ನಕೇಶವ ಬೆಟ್ಟದಲ್ಲಿ. ಸಮೀಪದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರನಿದ್ದಾನೆ. ಹೊಸಕೋಟೆಯ ಕಡೆಯಿಂದ ಇಳಿದು ಬಂದು, ಕೊಡಿಯಾಳಂ ಬಳಿ ತಮಿಳುನಾಡನ್ನು ಹೊಕ್ಕು, ಹೊಸೂರಿನ ಹತ್ತಿರದ ಕೆಲವರಪಳ್ಳಿ ಜಲಾಶಯದಲ್ಲಿ ನಿಂತು, ಕೃಷ್ಣಗಿರಿ ಅಣೆಕಟ್ಟನ್ನೂ ಸಾತನೂರನ್ನೂ ದಾಟಿ, ತಿರುಕ್ಕೋಯಿಲೂರಿನ ತ್ರಿವಿಕ್ರಮನ ಊರನ್ನು ಹಾದು ಕಡಲೂರಿನ ಬಳಿ ಸಮುದ್ರ ಸೇರುತ್ತದೆ. ತಮಿಳಿನಲ್ಲಿ ಇದೇ ತೆನ್‌ಪೆಣ್ಣೈ. ಒಂದು ಬೆಟ್ಟದ ದೇವರಿಂದ ಹೊರಟು ಇಷ್ಟು ದೇವರುಗಳನ್ನು ಕಂಡುಹೋಗುವ ಈ ಹೊಳೆ ದಾರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳಿಂದ ಹರಿದುಬರುವ ನೀರನ್ನೂ ಸೇರಿಸಿಕೊಳ್ಳುತ್ತದೆ. ಆ ಕೆರೆಗಳು 2015ರಲ್ಲಿ ನೊರೆ ಉಕ್ಕಿಸಿ ರಸ್ತೆಗೆ ಹಾರಿಸಿದ್ದೂ, 2017ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದದ್ದೂ ದೇಶಕ್ಕೆಲ್ಲ ಗೊತ್ತು. ನೀರಿಗೆ ಬೆಂಕಿ ಬಿತ್ತೆಂದರೆ ಪುರಾಣದಲ್ಲಿ ಅದು ಪ್ರಳಯದ ಸೂಚನೆ. ಪತ್ರಿಕೆಯಲ್ಲಿ ಅದು ಮೂರು ದಿನದ ಸುದ್ದಿ. ಕೆಲವರಪಳ್ಳಿಯಲ್ಲಿ ನೀರನ್ನು ಹೊರಬಿಟ್ಟಾಗ ಬಿಳಿಯ ನೊರೆ ಹತ್ತಿಯ ರಾಶಿಯಂತೆ ಏಳುವುದನ್ನು ಈ ಕಡೆಯವರು ವರ್ಷಗಳಿಂದ ನೋಡುತ್ತಿದ್ದಾರೆ. ಮನೆಮನೆಯ ಬಟ್ಟೆ ಒಗೆಯುವ ಪುಡಿ, ಶುದ್ಧಿಯಾಗದ ಕೊಳಚೆ, ಕಾರ್ಖಾನೆಗಳ ನೀರು ಇವೆಲ್ಲ ಸೇರಿ, ಮೇಲಿಂದ ಧುಮುಕಿದಾಗ ನೊರೆಯಾಗುತ್ತವೆ. ತಪ್ಪನ್ನೆಲ್ಲ ಬೆಂಗಳೂರಿನ ಮೇಲೆ ಹೊರಿಸಿ ಸುಮ್ಮನಿರುವುದು ಸುಲಭ. ಹೊಸೂರಿನದೇ ಚರಂಡಿಗಳು ಎಲ್ಲಿಗೆ ಹರಿಯುತ್ತವೆಂದು ಕೇಳಿದರೆ ಸಭೆ ಸ್ವಲ್ಪ ನಿಶ್ಶಬ್ದವಾಗುತ್ತದೆ.

ಕೆರೆಯಲ್ಲಿ ಮೇಲಿನ ಗದ್ದೆಯವನೂ ಕೆಳಗಿನ ಗದ್ದೆಯವನೂ ಒಬ್ಬರ ಮುಖ ಒಬ್ಬರು ಬಲ್ಲರು. ಒಂದೇ ಜಾತ್ರೆಯಲ್ಲಿ ಸೇರುವರು. ಹೊಳೆಯಲ್ಲಿ ಹಾಗಿಲ್ಲ. ಬೆಂಗಳೂರಿನ ಮನೆಯಲ್ಲಿ ನಲ್ಲಿ ತಿರುಗಿಸುವ ಗೃಹಿಣಿಗೆ ಕೆಲವರಪಳ್ಳಿಯ ರೈತನಾರೋ ಗೊತ್ತಿಲ್ಲ. ಇಬ್ಬರೂ ದೈವಭಕ್ತರೇ, ಇಬ್ಬರ ಮನೆಯ ಪೂಜೆಯಲ್ಲಿಯೂ ಕಲಶಕ್ಕೆ ಸಪ್ತನದಿಗಳನ್ನು ಕರೆಯುತ್ತಾರೆ. ಇಬ್ಬರನ್ನೂ ಕೂಡಿಸುವ ಒಂದು ಏರಿ, ಒಂದು ಗಂಗಮ್ಮನ ಕಲ್ಲು, ಒಬ್ಬ ನೀರುಗಂಟಿ ಇಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಗಳು, ನ್ಯಾಯಾಲಯಗಳು ಆ ಸ್ಥಾನದಲ್ಲಿ ನಿಂತಿವೆ. ಅವುಗಳ ಕೆಲಸ ಅವಶ್ಯಕ, ಆದರೆ ಅವು ದೂರ. ತೈ ತಿಂಗಳ ಐದನೆಯ ದಿನ ತಿರುವಣ್ಣಾಮಲೆಯ ಅರುಣಾಚಲೇಶ್ವರನು ತೀರ್ಥಸ್ನಾನಕ್ಕಾಗಿ ಇದೇ ತೆನ್‌ಪೆಣ್ಣೆಯ ದಡದ ಮಣಲೂರುಪೇಟೆಗೆ ದಯಮಾಡಿಸುತ್ತಾನೆ. ಹೊಸೂರಿನ ಭಕ್ತರು ಹೊಳೆಗೆ ಬಿಟ್ಟದ್ದು ಇಳಿದು ಹೋಗುವುದು ಅದೇ ದಾರಿಯಲ್ಲಿ.

ಉತ್ಸವವೂ ಈ ಲೆಕ್ಕದಿಂದ ಹೊರಗಲ್ಲ. ಪಂಗುಣಿ ತಿಂಗಳ ರಥೋತ್ಸವಕ್ಕೆ ಮೂರು ಭಾಷೆಯ ಜನ ಸೇರುತ್ತಾರೆ. ಮಜ್ಜಿಗೆ, ಪಾನಕ, ಅನ್ನದಾನ ಎಲ್ಲ ಧಾರಾಳವಾಗಿ ನಡೆಯುತ್ತದೆ. ಮರುದಿನ ಬೀದಿಯಲ್ಲಿ ಉಳಿಯುವುದನ್ನು ಪೌರಕಾರ್ಮಿಕರು ಗುಡಿಸುತ್ತಾರೆ; ಹಳೆಯ ತೋಟಿಯ ಕೆಲಸ ಹೊಸ ಹೆಸರಿನಲ್ಲಿ. ತಮಿಳುನಾಡಿನಲ್ಲಿ 2019ರ ಜನವರಿ 1ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ನಿಷಿದ್ಧ. ಮುತ್ತುಗದ ಎಲೆ, ಬಾಳೆ ಎಲೆ, ಹಳದಿ ಬಟ್ಟೆಯ ಚೀಲ ಇವು ಈ ಸೀಮೆಗೆ ಯಾರೂ ಕಲಿಸಬೇಕಾದ ವಸ್ತುಗಳಲ್ಲ. ಅಜ್ಜಿಯರ ಕಾಲದಲ್ಲಿ ಬೇರೆ ಇರಲೇ ಇಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2010ರಲ್ಲಿ, ಮತ್ತೆ 2020ರಲ್ಲಿ ಮೂರ್ತಿ ವಿಸರ್ಜನೆಗೆ ಸೂಚನೆಗಳನ್ನು ಕೊಟ್ಟಿತು: ಜೇಡಿಮಣ್ಣಿನ ಮೂರ್ತಿ, ಸಹಜ ಬಣ್ಣ, ಹೂವು ವಸ್ತ್ರಗಳನ್ನು ಬೇರೆ ತೆಗೆದಿರಿಸುವುದು. ಕೆರೆಯ ಮಣ್ಣಿನಿಂದ ಮಾಡಿ ಕೆರೆಗೇ ಬಿಡುವ ಗಣಪನಿಂದ ಕೆರೆಗೆ ನಷ್ಟವಿರಲಿಲ್ಲ, ಹೂಳು ಒಂದು ಹಿಡಿ ಮೇಲೆ ಬಂದು ಮತ್ತೆ ಕೆಳಗೆ ಹೋಗುತ್ತಿತ್ತು. ಪ್ಲಾಸ್ಟರಿನ ಗಣಪ ಕರಗುವುದಿಲ್ಲ. ಎಷ್ಟು ಎತ್ತರದ ಮೂರ್ತಿ ಎಂಬ ಪೈಪೋಟಿ ಬೀದಿಬೀದಿಗಳ ನಡುವೆ ಹುಟ್ಟಿದ ಮೇಲೆ ಮಣ್ಣು ಸಾಲದಾಯಿತು. ಇಲ್ಲಿಯೂ ಕಾರಣ ಭಕ್ತಿಯ ಹೆಚ್ಚಳವೋ ಕೊರತೆಯೋ ಅಲ್ಲ, ಜನರ ನಡುವಿನ ಮೇಲಾಟ.

ಉತ್ಸವ ಮುಗಿದ ಮೇಲೆ ಪ್ರತಿ ಸಮಿತಿಯೂ ಆಯವ್ಯಯದ ಪಟ್ಟಿಯನ್ನು ಅಚ್ಚುಹಾಕಿಸುವ ಪದ್ಧತಿ ಇದೆ. ಹೂವಿನ ಅಲಂಕಾರ, ವಿದ್ಯುದ್ದೀಪ, ನಾದಸ್ವರ, ಸಿಡಿಮದ್ದು, ಅನ್ನದಾನ, ಶಾಮಿಯಾನ, ಕರಪತ್ರ, ಇತರೆ ಎಂದು ಸಾಲುಗಳಿರುತ್ತವೆ. ದೇವರ ಕಲ್ಯಾಣಿಯ ಹೂಳು, ಊರ ಕೆರೆಯ ಕಾಲುವೆ, ಅದನ್ನು ವರ್ಷವಿಡೀ ನೋಡಿಕೊಳ್ಳುವ ಒಬ್ಬನ ಸಂಬಳ ಎಂಬ ಸಾಲು ಸಾಮಾನ್ಯವಾಗಿ ಇರುವುದಿಲ್ಲ. ಸಾವಿರ ವರ್ಷದ ಹಿಂದಿನ ಶಾಸನದ ಕಲ್ಲಿನಲ್ಲಿ ಆ ಸಾಲು ಬಿತ್ತುವಟ್ಟವೆಂಬ ಹೆಸರಿನಲ್ಲಿ ಇದೆ. ಸಮಿತಿಯವರು ಮನಸ್ಸು ಮಾಡಿದರೆ ಮುಂದಿನ ಪಟ್ಟಿಯಲ್ಲಿ ಅದನ್ನು ಬರೆಯಲು ಜಾಗವಿದೆ: ಅನ್ನದಾನದ ಕೆಳಗೆ, ಶಾಮಿಯಾನದ ಮೇಲೆ. ಆ ಸಂಬಳವನ್ನು ಪಡೆಯುವವನು ಯಾವ ಕೇರಿಯವನಾದರೂ ಸರಿ, ತೆಪ್ಪೋತ್ಸವದ ದಿನ ಅವನಿಗೆ ದಡದಲ್ಲಿ ಮೊದಲ ಸಾಲಿನಲ್ಲಿ ನಿಲ್ಲಲು ಸ್ಥಳವಿರಬೇಕು.